ಖಾಲಿ ಬಿಟ್ಟ ತಾರೀಖು

ಹೊಸ ಕಂಪ್ಯೂಟರ್ ವ್ಯವಸ್ಥೆಯ ತೆರೆ ತಿಳಿನೀಲಿಯೋ ತಿಳಿಹಸಿರೋ ಎಂಬ ಮಹಾಪ್ರಶ್ನೆಯನ್ನು ಆಸ್ಪತ್ರೆಯ ಯೋಜನಾ ಸಮಿತಿ ಎರಡು ಸಭೆ ನಡೆಸಿ ಬಗೆಹರಿಸಿತು. ಸತ್ತವರ ಕಡತಗಳ ವಿಷಯ ಚಹಾ ಕುಡಿಯುವುದರೊಳಗೆ ಮುಗಿಯಿತು: ಅಪೂರ್ಣವಾದವನ್ನು ಅಳಿಸುವುದು.

ಕಡತಗಳೆಲ್ಲ ರೋಗಿಗಳ ದನಿಯಲ್ಲೇ ಮಾತಾಡುತ್ತಿದ್ದವು. ಮಾಹಿತಿ ವಿಭಾಗದ ಕಸ್ತೂರಿ, ತೀರಿಹೋದ ಗಂಡ ಬಸವಂತನ ಕಡತದಲ್ಲಿ ಮರಣದ ತಾರೀಖನ್ನು ಬೇಕೆಂದೇ ತುಂಬಿರಲಿಲ್ಲ. ಹಾಗಾಗಿ ತಾನು ಸತ್ತದ್ದು ಅವನಿಗೆ ಗೊತ್ತಿರಲಿಲ್ಲ.

"ಏನ್ರೀ ಮ್ಯಾಡಮ್ಮನೋರ, ನನ್ನ ರಿಪೋರ್ಟ್ ಬಂತೇನ?" ಎಂದು ದಿನಾ ಕೇಳುತ್ತಿದ್ದ.

"ನಾಳೆ ಬರ್ತದ್ರೀ."

"ನಿಮ್ಮ ಆಸ್ಪತ್ರ್ಯಾಗ ನಾಳೆ ಅಂದ್ರ ಮುಂದಿನ ಜನ್ಮ!"

ಅಳಿಸಿಹೋಗದಂತೆ ಅವನನ್ನು ಉಳಿಸಿಕೊಳ್ಳಲು ಬೇರೆ ದಾರಿಯಿರಲಿಲ್ಲ. ಶನಿವಾರ ಅವಳು ತಾರೀಖು ತುಂಬಿದಳು.

ಕಡತ ತಾರೀಖನ್ನು ಓದಿಕೊಂಡಿತು. ಆಮೇಲೆ, "ನಿನಗ ಮೊದಲಿಂದನೂ ಗೊತ್ತಿತ್ತೇನ?" ಎಂದಿತು.

"ಹೂಂ."

ಸೋಮವಾರ ಹೊಸ ವ್ಯವಸ್ಥೆ ಶುರುವಾಯಿತು. ಬಸವಂತನ ಕಡತ ಅದರಲ್ಲಿ ಸುರಕ್ಷಿತವಾಗಿದೆ. ಏನನ್ನೂ ಕೇಳುವುದಿಲ್ಲ.