ತಗ್ಗಿಸಿ ಬರೆದ ಅಂಕಿ

ಪರೀಕ್ಷಾ ಶೆಡ್ಡಿನಲ್ಲಿ ವಿಮಾನದ ರೆಕ್ಕೆಗೆ ಭಾರ ಏರಿಸುತ್ತ ನಳಿನಾಕ್ಷಿ ಅದರ ಅಂಕಿ ಬರೆದುಕೊಂಡಳು: ತಾಳಬಲ್ಲ ಭಾರದಲ್ಲಿ ನೂರಕ್ಕೆ ಎಂಬತ್ತೆಂಟು. ಅವಳ ಭುಜದ ಪಟ್ಟಿ ತೊಂಬತ್ತೆರಡು ತೋರಿಸುತ್ತಿತ್ತು. ಈಗ ಎಲ್ಲರ ಭುಜಕ್ಕೂ, ಅವರು ಹೊತ್ತ ಬದುಕಿನ ಭಾರ ನೂರಕ್ಕೆ ಎಷ್ಟೆಂದು ತೋರಿಸುವ ಪಟ್ಟಿಯಿದೆ. ಮನೆಯಲ್ಲಿ ಯಾರ ಅಂಕಿ ಕಡಿಮೆಯೋ ಹೊಸ ಕೆಲಸ ಅವರಿಗೆ. ಮನೆಯವರೆಲ್ಲ ತಮ್ಮ ಅಂಕಿ ಬರೆಯುವ ಗೋಡೆಯ ಹಾಳೆಯಲ್ಲಿ ಅವಳು, ದೂರಿದಂತಾಗಬಾರದೆಂದು, ದಿನವೂ ನಲವತ್ತೆಂದೇ ಬರೆಯುತ್ತಿದ್ದಳು. ಪಟ್ಟಿ ತೋರಿಸು ಎಂದು ಯಾರೂ ಕೇಳಿರಲಿಲ್ಲ.

ನಾದಿನಿ ಫೋನ್ ಮಾಡಿದಳು. "ಅತ್ತಿಗೆ, ಅಮ್ಮನ್ನ ಈ ತಿಂಗಳೂ ನೀವೇ ನೋಡ್ಕೊಳ್ಳಿ. ನಿಮ್ಮದು ಬರೀ ನಲವತ್ತು. ರೆಕ್ಕೆಗಳ ಜೊತೆ ಇದ್ದೂ ಇದ್ದೂ ನೀವೂ ಗಟ್ಟಿಯಾಗ್ಬಿಟ್ಟಿದೀರಿ."

"ಹೂಂ, ನೋಡೋಣ."

ರೆಕ್ಕೆ ತೊಂಬತ್ತು ಮುಟ್ಟಿತು. ಅಲ್ಲಿಗೆ ನಿಲ್ಲಿಸುವುದು ನಿಯಮ. ಇಪ್ಪತ್ತು ವರ್ಷಗಳಲ್ಲಿ ಯಾವ ರೆಕ್ಕೆಯ ಅಂಕಿಯನ್ನೂ ಅವಳು ತಗ್ಗಿಸಿ ಬರೆದವಳಲ್ಲ. ಸಂಜೆ ಗೋಡೆಯ ಹಾಳೆಯಲ್ಲಿ ತೊಂಬತ್ತೆರಡೆಂದೇ ಬರೆಯಬೇಕು ಎಂದುಕೊಂಡು, ಯಾರಿಗೂ ಹೇಳದೆ, ರೆಕ್ಕೆಯ ಭಾರವನ್ನು ನಿಧಾನವಾಗಿ ಇಳಿಸತೊಡಗಿದಳು.