ಕೊಬ್ಬಿಗೆ ತುಪ್ಪ

ಖಂಡೆಪ್ಪ ಸಾಹುಕಾರ ಎರಡನೇ ಚಮಚ ಪುಡಿಗೆ ಕೈ ಚಾಚಿದ. ಹಮಾಲ ಅನಿಲಕುಮಾರ ಡಬ್ಬಿಯ ಮುಚ್ಚಳ ಬಿಗಿದ.

"ಇನ್ನೊಂದ್ ಹಾಕಲೇ. ತೂಕ ಲಗೂ ಇಳೀಲಿ."

"ಒಂದ ಸಾಕ್ರಿ. ನೀವು ಗುಡಿತನಕ ಜೀವಂತ ಬರಬೇಕಲ್ರಿ."

ಸಾಹುಕಾರ ನಕ್ಕ. ಹಮಾಲ ನಗಲಿಲ್ಲ.

ಮೊಮ್ಮಗ ಹುಟ್ಟಿದರೆ ತನ್ನ ತೂಕದ ತುಪ್ಪ ಕೊಡುತ್ತೇನೆಂದು ಖಂಡೆಪ್ಪ ತಂಗಡಗಿಯ ಗುಡಿಗೆ ಹರಕೆ ಹೊತ್ತಿದ್ದ. ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಮೊಮ್ಮಗ ಹುಟ್ಟಿದ. ಆಗಲೇ ಸಾಹುಕಾರನಿಗೆ ತನ್ನ ಹೊಟ್ಟೆ ಕಣ್ಣಿಗೆ ಬಿದ್ದದ್ದು. ಕರಗಿದ ಒಂದೊಂದು ಕಿಲೋ ಕೊಬ್ಬಿಗೂ ಒಂದೊಂದು ಕಿಲೋ ತುಪ್ಪ ಉಳಿಯುತ್ತದೆ. ಬರೀ ಗಂಜಿ ಕುಡಿದ. ಕೆನ್ನೆ ಒಣಗಿತು, ಹೊಟ್ಟೆ ಅಲುಗಲಿಲ್ಲ. ಕೊಬ್ಬು ಕರಗಿಸುವ ಪುಡಿಯ ಸುದ್ದಿ ತಂದವನು ಅನಿಲ.

ಮುದ್ದೇಬಿಹಾಳದ ಗಿಡಮೂಲಿಕೆ ಅಂಗಡಿಯ ಜೈನುದ್ದೀನ ಪುಡಿ ಕಟ್ಟುತ್ತಲೇ ಎಚ್ಚರಿಸಿದ್ದ.

"ಇದರಾಗ ಸೋಮಲತಿ ಐತಿ, ಕಾಫಿಬೀಜದ ಸತ್ವ ಐತಿ. ಮೈಯಾಗ ಕುಲುಮಿ ಊದಿದಂಗ ನೋಡು. ಎದಿ ಜೋರ್ ಬಡೀತೈತಿ, ಮೈ ಕಾಯ್ತೈತಿ, ಹಸಿವಿ ಸಾಯ್ತೈತಿ. ಹೊರಗಿಂದ ಕೂಳು ಬರ್ಲಿಲ್ಲಂದ್ರ ಮೈ ತನ್ನ ಕೊಬ್ಬು ತಾನ ಸುಡ್ತೈತಿ. ಹೊಟ್ಟಿ ಕೊಬ್ಬು ಹಟಮಾರಿ, ಎಲ್ಲಾದ್ಕಿಂತ ಕಡೀಗೆ ಕರಗ್ತೈತಿ."

"ಹೆಚ್ಚಾದ್ರ?"

"ಮೊದಲ ನಿದ್ದಿ ಹಾರಿ ಹೋಗ್ತೈತಿ. ಸಿಟ್ಟು ಮೂಗಿನ ತುದಿಗೆ ಬರ್ತೈತಿ. ಆಮ್ಯಾಲ ಕುಲುಮಿನ ಒಡೀತೈತಿ. ಯಾರಿಗೆ ತಮ್ಮಾ ಇದು?"

"ನಮ್ಮ ಸಾವ್ಕಾರ್ಗೆ."

ಜೈನುದ್ದೀನನ ಕೈ ನಿಂತಿತು. ಇವನು ಯಂಕಪ್ಪನ ಮಗನೆಂದು ಅವನಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

ಯಂಕಪ್ಪ ಒಮ್ಮೆ ಮನೆಯಲ್ಲೇ ತೂಗಿ ತೊಗರಿ ತಂದಿದ್ದ. ಮಾರುಕಟ್ಟೆಯಲ್ಲಿ ಮಾಲು ಎಡತಟ್ಟೆಗೆ, ತೂಕದ ಕಲ್ಲು ಬಲತಟ್ಟೆಗೆ. ಖಂಡೆಪ್ಪನ ಕಾಳಿನ ಅಂಗಡಿಯ ಎಡತಟ್ಟೆಗೆ ಹೋದೊಡನೆ ಅವನ ತೊಗರಿ ಕಡಿಮೆಯಾಯಿತು. ತಕ್ಕಡಿ ಸುಳ್ಳು ಹೇಳುತ್ತದೆ ಎಂದ. ಖಂಡೆಪ್ಪ ತಟ್ಟೆ ಖಾಲಿ ಮಾಡಿ ತೋರಿಸಿದ; ಮುಳ್ಳು ನೆಟ್ಟಗೆ ನಿಂತಿತು. ಆಮೇಲೆ ಎಲ್ಲರೆದುರು ಯಂಕಪ್ಪನ ಮೂಗನ್ನು ಆ ತಕ್ಕಡಿಯ ಕೆಳಗೇ ನೆಲಕ್ಕೆ ತಿಕ್ಕಿಸಿದ. ಅಂದಿನಿಂದ ಅವನ ಹೆಸರು ಸುಳ್ಳ ಯಂಕ್ಯಾ. ಮಕ್ಕಳು ಕೂಡ ಹಾಗೇ ಕರೆದವು. ಮಗ ಶಾಲೆ ಬಿಟ್ಟು ಅದೇ ಅಂಗಡಿಯಲ್ಲಿ ಚೀಲ ಹೊರಲು ನಿಂತ. "ಅಪ್ಪನ ಸುಳ್ಳು ಮಗ ಹೊರ್ಲಿ" ಎಂದು ಖಂಡೆಪ್ಪ ಖುಷಿಯಿಂದಲೇ ಇಟ್ಟುಕೊಂಡ. ಹೊರುತ್ತಾ ಹೊರುತ್ತಾ ಅನಿಲನ ಎದೆಯಲ್ಲೂ ಒಂದು ಕುಲುಮೆ ಉರಿಯಿತು. ಅದಕ್ಕೆ ಪುಡಿ ಬೇಕಿರಲಿಲ್ಲ.

ಪುಡಿಗೆ ಅನಿಲ ತನ್ನದೊಂದು ಪಥ್ಯ ಸೇರಿಸಿದ. "ದಿನಾ ದವಾಖಾನಿ ಯಂತ್ರದಾಗ ತೂಕ ನೋಡ್ರಿ. ನಾಕ್ ಮಂದಿಗೆ ಹೇಳ್ರಿ. ಹೇಳಿದ್ರ ಹುರುಪ ಬರ್ತೈತಿ."

ಸಾಹುಕಾರ ನಾಲ್ಕಲ್ಲ, ನಾನೂರು ಮಂದಿಗೆ ಹೇಳಿದ. ತೊಂಬತ್ತೆರಡು ಕಿಲೋ ಎಂಬತ್ತೈದಾಯಿತು. ಚಹಾದಂಗಡಿಯಲ್ಲಿ ಅಂಗಿ ಎತ್ತಿ ಹೊಟ್ಟೆ ತೋರಿಸಿದ. ಎಂಬತ್ತಾಯಿತು. ನಿದ್ದೆ ಹೋಯಿತು, ಮಾತೆತ್ತಿದರೆ ಬೈಗುಳ. ಹರಕೆಯ ದಿನದ ಮುಂಜಾನೆ ಎಪ್ಪತ್ತೈದು.

"ಗುಡ್ಯಾಗ ತಕ್ಕಡಿ ಇಲ್ಲಂತ್ರಿ," ಅನಿಲ ಹೇಳಿದ.

"ನಮ್ದ ಒಯ್ಯಿ. ಮಾಲಿನ ತಟ್ಟ್ಯಾಗ ನಾ ಕುಂಡ್ರತೇನಿ." ಸಾಹುಕಾರ ಕಣ್ಣು ಹೊಡೆದ.

ಗುಡಿಯ ಅಂಗಳದ ಬೇವಿನ ಮರಕ್ಕೆ ಅನಿಲ ತಾನೇ ತಕ್ಕಡಿಯ ಹಗ್ಗ ಬಿಗಿದ. ಖಾಲಿ ತಟ್ಟೆಗಳ ನಡುವೆ ಮುಳ್ಳು ನೆಟ್ಟಗಿತ್ತು. ಖಂಡೆಪ್ಪನಿಗೆ ಮಾಲು ಹಾಕಿದ ರೈತರೆಲ್ಲ ಪ್ರಸಾದಕ್ಕೆಂದು ಸೇರಿದ್ದರು. ಯಂಕಪ್ಪ ಎಲ್ಲರಿಗಿಂತ ಹಿಂದೆ ನಿಂತಿದ್ದ.

ಸಾಹುಕಾರ ಎಡತಟ್ಟೆಯಲ್ಲಿ ಕುಳಿತ. ಅನಿಲ ಬೆಳಗಿನ ಚಮಚ ಕೊಟ್ಟ. ಒಂದೇ ಚಮಚ.

ಹದಿನೈದು ಕಿಲೋದ ತುಪ್ಪದ ಡಬ್ಬಿಗಳು ಬಲಕ್ಕೆ ಏರಿದವು. ಐದನೆಯದೂ ಏರಿತು. ಸಾಹುಕಾರನ ತಟ್ಟೆ ನೆಲ ಬಿಡಲಿಲ್ಲ.

"ಇನ್ನೊಂದ್ ತರಸ್ರಿ," ಪೂಜಾರಿ ಹೇಳಿದ. "ತಟ್ಟಿ ಏಳೂತನಕ ಇಳಿಯಂಗಿಲ್ಲ. ಹರಕಿ ಮುರೀತೈತಿ."

"ಯಾಕ ಇನ್ನೊಂದು? ಎಪ್ಪತ್ತೈದ ಅದೇನಿ ನಾ. ಮುಂಜಾನಿ ನೋಡೇನಿ."

"ಅದು ಊರಿಗೆಲ್ಲ ಗೊತ್ತೈತಿ ಬಿಡ್ರಿ," ಹೆಂಗಸರ ನಡುವಿನಿಂದ ಕಾಶಿಬಾಯಿ ಕೂಗಿದಳು. "ಮತ್ತ ಯಾಕ ಏಳವಲ್ದು? ದೇವ್ರ ಹಿಡ್ಕೊಂಡಾನೇನು?"

ಜನ ನಕ್ಕರು. ಸಾಹುಕಾರನ ಕುತ್ತಿಗೆಯ ನರ ಹಾರತೊಡಗಿತು. ಬೆವರು ಗದ್ದದಿಂದ ಇಳಿಯಿತು. ಕೈ ಎದೆಗೆ ಹೋಯಿತು. ಅನಿಲ ನೀರಿನ ತಂಬಿಗೆ ಹಿಡಿದು ಹತ್ತಿರ ಬಾಗಿದ.

"ಪಾಪ ಹೆಚ್ಚಾಗಿರಬೇಕ್ರಿ," ಎಂದ, ಎಲ್ಲರಿಗೂ ಕೇಳುವಂತೆ. "ಅದಕ್ಕೂ ತೂಕ ಇರ್ತೈತಿ."

ಸಾಹುಕಾರ ತಂಬಿಗೆಯನ್ನು ಒದ್ದ. "ಪಾಪ ಅಲ್ಲಲೇ ಹಲ್ಕಟ್, ತಕ್ಕಡಿ ಖೊಟ್ಟಿ ಐತಿ. ನೀ ತಿರುವಿ ಕಟ್ಟೀದಿ. ಕಡಿಮಿ ತೋರ್ಸೂ ಗಿಡ್ಡ ತೋಳಿನ ತಟ್ಟಿ ತುಪ್ಪದ ಕಡಿ ಹೋಗೇತಿ."

ನಗು ನಿಂತಿತು.

ಅನಿಲ ಪುಡಿಯ ಡಬ್ಬಿ ತೆಗೆದು ಮಣ್ಣಿಗೆ ಸುರಿದ. ಅದು ಕೊಲ್ಲಲು ತಂದದ್ದಲ್ಲ. ಸಾಹುಕಾರ ಒಮ್ಮೆಯಾದರೂ ಖರೇ ತಕ್ಕಡಿಯ ಮೇಲೆ ನಿಂತು, ತನ್ನ ಖರೇ ತೂಕವನ್ನು ಊರಿಗೆಲ್ಲ ಸಾರಬೇಕಿತ್ತು, ಅಷ್ಟೇ.

ಹಿಂದಿನಿಂದ ಸುಳ್ಳ ಯಂಕ್ಯಾ ಜನರನ್ನು ಸರಿಸಿ ಮುಂದೆ ಬಂದ. ತಟ್ಟೆಯ ಎದುರು ನಿಂತು ಮೆಲ್ಲಗೆ ಕೇಳಿದ:

"ಯಾರ ತಕ್ಕಡಿರಿ ಇದು, ಸಾವ್ಕಾರ್ರ?"