ನಲವತ್ತು ಕೈಗಳು

"ಈ ಕೈಯಲ್ಲಿ ಬೆರಳೆಷ್ಟಿವೆ, ಸ್ವಲ್ಪ ಎಣಿಸ್ರೀ ಚಿಗುಸಾ ಸಾನ್," ಎಂದು ಪ್ರಚಾರ ವಿಭಾಗದ ಮುಖ್ಯಸ್ಥ ಕುರೊಯಿವಾ ಪರದೆಯ ಮೇಲೆ ಪೆನ್ನಿನಿಂದ ಕುಟ್ಟಿದ.

ಚಿಗುಸಾ ಎಣಿಸಬೇಕಾಗಿರಲಿಲ್ಲ. ಅವನ ವಿಮಾ ಕಂಪನಿಗೆಂದು ಅವಳು ಬರೆದ ಮುನ್ನೂರು ಐಕಾನುಗಳ ಪೈಕಿ ನಲವತ್ತರಲ್ಲಿ ಅದೇ ಕೈಯಿತ್ತು. ಕೊಡೆ ಹಿಡಿದದ್ದೂ ಅದೇ, ಮಗುವನ್ನು ಎತ್ತಿದ್ದೂ ಅದೇ. ಎಲ್ಲದರಲ್ಲೂ ನಾಲ್ಕೇ ಬೆರಳು.

"ಐದು ಹಾಕಿದ್ರೆ ಮೊಬೈಲಲ್ಲಿ ಚಿಕ್ಕದಾದಾಗ ಮುದ್ದೆ ಥರ ಕಾಣತ್ತೆ ಸರ್," ಎಂದಳು. ಅದು ಅರ್ಧ ಸತ್ಯ. ಹಿಗಾಶಿ ಒಸಾಕಾದ ಕಾರ್ಖಾನೆಯಲ್ಲಿ ಪ್ರೆಸ್ ಯಂತ್ರಕ್ಕೆ ಕಿರುಬೆರಳು ಕಳೆದುಕೊಂಡ ಅಪ್ಪನ ಕೈಯನ್ನು ನೋಡಿಯೇ ಅವಳು ಅದನ್ನು ಬರೆದಿದ್ದಳು.

"ಮುದ್ದೆ ಆದ್ರೂ ಆಗ್ಲಿ. ನಾಲ್ಕು ಬೆರಳು ಕಂಡ್ರೆ ಜನ, ತಪ್ಪಿಗೆ ಶಿಕ್ಷೆ ಅಂತ ಕಿರುಬೆರಳು ಕತ್ತರಿಸಿಕೊಂಡ ರೌಡಿ ಕೈ ಅಂತಾರೆ, ಅಸಹ್ಯ ಪಟ್ಕೋತಾರೆ. ನಾವು ಮಾರೋದು ಅಪಘಾತ ವಿಮೆ ಕಣ್ರೀ! ಇಂಥ ಕೈ ಯಾರಿಗಿರತ್ತೆ?"

ಚಿಗುಸಾ ತಲೆಬಾಗಿ ಕ್ಷಮೆ ಕೇಳಿದಳು. ಎಲ್ಲ ಕೈಗಳಿಗೂ ಮೂಲವಾಗಿದ್ದ ಒಂದು ಚಿತ್ರವನ್ನು ತೆರೆದು, ಕಿರುಬೆರಳು ಸೇರಿಸಿ, ಗುಂಡಿ ಒತ್ತಿದಳು. ನಲವತ್ತು ಕೈಗಳೂ ಒಂದೇ ಕ್ಷಣದಲ್ಲಿ ಗುಣವಾದವು.

"ನೋಡಿ, ಎಷ್ಟು ಸುಲಭ ಇತ್ತು!" ಎಂದ ಕುರೊಯಿವಾ.

ಹತ್ತೊಂಬತ್ತು ವರ್ಷಗಳಿಂದ ಅಪ್ಪ ಜನರೆದುರು ಆ ಕೈಯನ್ನು ಜೇಬಿನಿಂದ ಹೊರಗೆ ತೆಗೆದಿಲ್ಲ.